ಕಂಬಕ್ಕೆ ಒರಗಿದ ಅಡಿವೆಪ್ಪ

ಹೊಳೆದಂಡೆಯ ಆ ಮಠದಲ್ಲಿ ಒಂದು ಪದ್ಧತಿ. ಮಠದ ಸ್ವಾಮಿಗಳಾದ ಅಜ್ಜಾರು ಪಾಠಕ್ಕೆ ಬಂದರೆ, ನೆಲದ ಮೇಲೆ ಕೂತ ಶಿಷ್ಯರೆಲ್ಲ ಎದ್ದು, ತಲೆಯ ಮೇಲೆ ಕೈಯೆತ್ತಿ ಮುಗಿಯಬೇಕು.

ಅಡಿವೆಪ್ಪ ಮಾತ್ರ ಕೂರುವುದನ್ನೇ ಬಿಟ್ಟಿದ್ದ. ಹಿಂದಿನ ಕಂಬಕ್ಕೆ ಒರಗಿ, ನಿಂತೇ ಪಾಠ ಕೇಳುತ್ತಿದ್ದ. ಕೈಯನ್ನು ಎದೆಯ ಮಟ್ಟದಲ್ಲೇ ಮುಗಿಯುತ್ತಿದ್ದ.

ಜೊತೆಯವರು ಸುಮ್ಮನಿರುತ್ತಾರೆಯೇ? ಅದನ್ನು ವ್ರತ ಎಂದರು. ಕಣ್ಣುರೆಪ್ಪೆಯ ಮೇಲಿನ ನೇರಳೆ ಬಣ್ಣ, ನಿದ್ದೆಗೆಟ್ಟು ಮಾಡಿದ ಧ್ಯಾನದ ಗುರುತಾಯಿತು. ಬಿಸಿಲಿಗೆ ಬರದಿರುವುದು ವೈರಾಗ್ಯವಾಯಿತು.

ಅಡಿವೆಪ್ಪ ಅಲ್ಲವೆನ್ನಲಿಲ್ಲ. ಆದರೆ ದೊಡ್ಡ ಸಾಧಕನ ಹತ್ತಿರ ಹರಟೆಗೆ ಯಾರು ಬರುತ್ತಾರೆ? ಊಟವೂ ಒಬ್ಬನದೇ ಆಯಿತು. ಉಣ್ಣುತ್ತಲೇ ಎಷ್ಟೋ ಸಲ ಅತ್ತ.

ಒಂದು ಬೆಳಿಗ್ಗೆ ಬಟ್ಟೆ ಗಂಟು ಕಟ್ಟಿಕೊಂಡು, ಮಠ ಬಿಡಲು ಅಪ್ಪಣೆ ಕೇಳಿದ.

"ಯಾಕ?" ಎಂದರು ಅಜ್ಜಾರು.

"ಅದು ವ್ರತ ಅಲ್ರಿ ಅಜ್ಜಾರ, ಜಡ್ಡು. ಕುಂತ್ರ ಏಳಾಕ ಆಗಂಗಿಲ್ಲ. ಕೈ ಮ್ಯಾಲೆ ಹೋಗಂಗಿಲ್ಲ. ಕಣ್ಣಿನ ಮ್ಯಾಲಿನ ಬಣ್ಣಾನೂ ಅದರದೇ, ಬಿಸಲಿಗೆ ಹೋದ್ರ ಹೆಚ್ಚಾಗತೈತಿ."

ಪಟ್ಟಣದ ಡಾಕ್ಟರು ಹೇಳಿದ್ದನ್ನೆಲ್ಲ ಒಪ್ಪಿಸಿದ. ಅಪರೂಪದ ರೋಗ. ಮೈಯನ್ನು ಕಾಯಬೇಕಾದ ಒಳಗಿನ ಕಾವಲೇ ತನ್ನ ಸ್ನಾಯು, ತನ್ನ ಚರ್ಮವನ್ನು ಹೊರಗಿನ ವೈರಿ ಎಂದು ತಿಳಿದು ಮೇಲೆ ಬೀಳುತ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಔಷಧವಿದೆ, ಬಹಳ ದಿನ ತೆಗೆದುಕೊಳ್ಳಬೇಕು.

"ಯಾವ ಪಾಪಕ್ಕ ಬಂತ್ರಿ ಇದು?"

"ಡಾಕ್ಟರು ಪಾಪ ಅಂತ ಹೇಳ್ಯಾರೇನು?"

"ಇಲ್ರಿ."

"ಮತ್ತ ಅದನ್ನ ನೀ ಯಾಕ ಸೇರಸ್ತಿ?"

ಅಜ್ಜಾರು ಕೂಡಲೇ ಅಪ್ಪಣೆ ಕೊಡಲಿಲ್ಲ. ಇವತ್ತಿನ ಪಾಠ ಕೇಳಿ ಹೋಗು, ಆದರೆ ಮುಂದೆ ಬಂದು ಕೂಡು ಎಂದರು.

ಅಡಿವೆಪ್ಪ ಕೂತ. ಕೂತ ಅನ್ನುವುದಕ್ಕಿಂತ ಕುಸಿದ ಎನ್ನಬೇಕು.

ಪಾಠ ಮುಗಿದು ಎಲ್ಲರೂ ಎದ್ದರು. ಅವನು ನೆಲಕ್ಕೆ ಕೈಯೂರಿ ಏಳಲು ಒಮ್ಮೆ ನೋಡಿದ, ಇನ್ನೊಮ್ಮೆ ನೋಡಿದ. ತೊಡೆಯಲ್ಲಿ ಬಲವೇ ಇರಲಿಲ್ಲ. ಇಷ್ಟು ದಿನದ ವ್ರತ ಎಲ್ಲರೆದುರು ಬಯಲಾಯಿತು.

ಎಡಬಲದಲ್ಲಿದ್ದ ಇಬ್ಬರು ಬಗ್ಗಿ ಕೈ ಚಾಚಿದರು.

ಅಡಿವೆಪ್ಪ ತಲೆ ಎತ್ತಲಿಲ್ಲ. "ನೀವು ನಡೀರಿ," ಎಂದ. "ನಾ ಹೆಂಗರ ಏಳ್ತೀನಿ."

ಯಾರೂ ಕದಲಲಿಲ್ಲ. ಚಾಚಿದ ಕೈಗಳು ಹಾಗೇ ಇದ್ದವು.

ಅಜ್ಜಾರು ಹೇಳಿದರು: "ನಿನ್ನ ಮೈ ತನ್ನವರನ್ನ ಹೊರಗಿನವರು ಅಂತ ತಿಳಿದೈತಿ. ಅದಕ್ಕ ಡಾಕ್ಟರು ಔಷಧ ಕೊಟ್ಟಾರ. ಇವರನ್ನ ಹೊರಗಿನವರು ಅಂತ ತಿಳಿದಾಂವ ಯಾರಪ್ಪಾ?"