ಎಕ್ಕದ ಬೀಜ ನೆಲಕ್ಕಿಳಿಯಲು ಯಾಕೆ ಅಷ್ಟು ಹೊತ್ತು?

ಆಗಿನ್ನೂ ಭೂಮಿಯ ಮೈಯಿಂದ ಹೊಸ ಮಡಕೆಯ ವಾಸನೆ ಹೋಗಿರಲಿಲ್ಲ. ನದಿಗಳಿಗೆ ತಮ್ಮ ದಾರಿ ಸರಿಯಾಗಿ ಗೊತ್ತಿರಲಿಲ್ಲ, ಅವರಿವರನ್ನು ಕೇಳಿಕೊಂಡು ಹರಿಯುತ್ತಿದ್ದವು. ಕಲ್ಲುಗಳಿಗೂ ಮಾತು ಬರುತ್ತಿತ್ತು, ಆದರೆ ಬಲು ನಿಧಾನ. ಬೆಳಿಗ್ಗೆ ಕೇಳಿದ್ದಕ್ಕೆ ಸಂಜೆ ಉತ್ತರ ಕೊಡುತ್ತಿದ್ದವು.

ಆ ಕಾಲದಲ್ಲಿ ಒಂದು ದೊಡ್ಡ ಬಯಲಿನ ಅಂಚಿಗೆ ಗುಡ್ಡಮ್ಮ ಕೂತಿದ್ದಳು. ಕರಿಬಂಡೆಯ ಮೈ, ಅಗಲ ಸೊಂಟ, ಹೊಟ್ಟೆಯೊಳಗೆ ಒಂದು ಗವಿ. ಆ ಗವಿಯೇ ಮನೆ. ಆ ಮನೆಯಲ್ಲಿ ಅವಳ ಮಗಳು ಸುಯ್ಯಿ.

ಸುಯ್ಯಿ ಅಂದರೆ ಗಾಳಿ. ಊರೂರು ಸುತ್ತುವ ದೊಡ್ಡ ಗಾಳಿಯಲ್ಲ, ಪುಟ್ಟ ಗಾಳಿಮರಿ. ಆಗ ಶಾಲೆ ಅನ್ನುವುದು ಇದ್ದಿದ್ದರೂ, "ಇನ್ನೊಂದು ವರ್ಷ ಮನೇಲೇ ಇರಲಿ ಬಿಡಿ" ಅಂತ ವಾಪಸ್ ಕಳಿಸುವಂಥ ವಯಸ್ಸು.

ಅಪ್ಪ ಮೋಡಪ್ಪನದು ನೀರು ಹೊರುವ ಕೆಲಸ, ಯಾವಾಗಲೂ ಹೊರಗೇ. ಅಪರೂಪಕ್ಕೆ ಮನೆಗೆ ಬಂದರೆ ಮಗಳ ಕೆನ್ನೆಗೆ ಒಂದು ಹನಿ ಮುತ್ತು ಕೊಟ್ಟು, "ಎಷ್ಟು ಚುರುಕಾಗಿದಾಳೆ ನೋಡೇ!" ಅಂತ ಹಿಗ್ಗಿ ಮತ್ತೆ ಹೊರಡುತ್ತಿದ್ದ. ಆ ಚುರುಕನ್ನು ಬೆಳಗಿನಿಂದ ಸಂಜೆಯ ತನಕ ಏನು ಮಾಡಬೇಕು ಅನ್ನುವುದು ಗುಡ್ಡಮ್ಮನ ತಲೆನೋವು.

ಮೊದಮೊದಲು ಅಷ್ಟು ಕಷ್ಟವಿರಲಿಲ್ಲ. ಬೇಸರವಾದರೆ ಸುಯ್ಯಿ ಬಯಲಿಗೆ ಓಡುತ್ತಿದ್ದಳು, ದಣಿಯುವ ತನಕ ಹೊರಳಾಡಿ ಬರುತ್ತಿದ್ದಳು. ಆದರೆ ಒಂದು ದಿನ ಭೂಮಜ್ಜಿ ಬಂದು ಆ ಬಯಲಿನ ತುಂಬ ಹುಲ್ಲು ಬಿತ್ತಿದಳು. ಭೂಮಜ್ಜಿ ಅಂದರೆ ಎಲ್ಲರಿಗೂ ಹಿರಿಯಳು. ಅವಳ ಮಾತನ್ನು ಬೆಟ್ಟಗಳೂ ಮೀರುತ್ತಿರಲಿಲ್ಲ.

ಹುಲ್ಲು ಮೊಳಕೆಯೊಡೆದು ನಿಂತಾಗ ಸುಯ್ಯಿಗೆ ಆದ ಖುಷಿ ಅಷ್ಟಿಷ್ಟಲ್ಲ. ಓಡಿ ಹೋಗಿ ತಬ್ಬಿಕೊಂಡಳು. ಪಾಪ, ಅವು ಬೇರು ಬಿಟ್ಟು ಇನ್ನೂ ಎಷ್ಟು ದಿನ ಆಗಿತ್ತು? ಒಂದು ಮಡಿಯಷ್ಟು ಹುಲ್ಲು ಬುಡಸಮೇತ ಅವಳ ತೋಳಿಗೆ ಬಂತು.

ಭೂಮಜ್ಜಿ ಗವಿಯ ಬಾಗಿಲಿಗೆ ಬಂದಳು.

"ಗುಡ್ಡಮ್ಮಾ, ಹುಲ್ಲು ಬೇರು ಹಿಡಿಯೋ ತನಕ ಮಗೂನ ಮನೆಯೊಳಗೆ ಇಟ್ಕೋ."

"ಹೂಂ ಅಜ್ಜಿ."

"ಹೂಂ ಅನ್ನೋದು ಸುಲಭ."

ಅದು ಎಷ್ಟು ಕಷ್ಟ ಅಂತ ಗುಡ್ಡಮ್ಮನಿಗೆ ಮಾರನೇ ದಿನ ಬೆಳಿಗ್ಗೆಯೇ ತಿಳಿಯಿತು.

"ಅಮ್ಮಾ, ಈಗ ಏನ್ ಮಾಡ್ಲಿ?"

ಗುಡ್ಡಮ್ಮ ಯೋಚಿಸಿದಳು. ಮನೆಯಲ್ಲಿ ಇದ್ದದ್ದು ಕಲ್ಲು, ಕತ್ತಲೆ, ಒಂದಿಷ್ಟು ತೇವ. ಇಷ್ಟರಲ್ಲೇ ಆಟ ಹುಟ್ಟಬೇಕು. "ಕಣ್ಣಾಮುಚ್ಚಾಲೆ ಆಡು. ನೀನು ಬಚ್ಚಿಟ್ಕೋ, ನಾನು ಹುಡುಕ್ತೀನಿ."

ಸುಯ್ಯಿ ಒಂದು ಬಂಡೆಯ ಸೀಳಿನಲ್ಲಿ ಅಡಗಿದಳು. ಆದರೆ ಸೀಳಿನಲ್ಲಿ ಕೂತ ಗಾಳಿ ಸುಮ್ಮನಿರಬೇಕಲ್ಲ! "ಸುಂಯ್... ಸುಂಯ್..." ಅಂತ ಶಿಳ್ಳೆ ಕೇಳಿಸಿತು.

"ಎಲ್ಲಿದಾಳಪ್ಪಾ ನನ್ನ ಮಗಳು? ಕಾಣಿಸ್ತಾನೇ ಇಲ್ವಲ್ಲ!" ಅಂದಳು ಗುಡ್ಡಮ್ಮ. ತಾಯಂದಿರು ಆಗಲೂ ಹೀಗೇ ಸುಳ್ಳು ಹೇಳುತ್ತಿದ್ದರು.

ಆಟ ನಾಲ್ಕು ಸುತ್ತಿಗೆ ಹಳತಾಯಿತು.

"ಅಮ್ಮಾ, ಈಗ ಏನ್ ಮಾಡ್ಲಿ?"

ಗುಡ್ಡಮ್ಮ ಬಳಪದ ಕಲ್ಲಿನಿಂದ ನೆಲದ ಮೇಲೆ ಮನೆಗಳನ್ನು ಬರೆಸಿದಳು. "ಕುಂಟೆಬಿಲ್ಲೆ ಆಡು. ಒಂದೇ ಕಾಲಲ್ಲಿ ಹಾರ್ಕೊಂಡು ಹೋಗಬೇಕು."

ಒಂದೇ ಕಾಲಲ್ಲಿ ನಿಂತ ಗಾಳಿ ತಿರುಗದೆ ಇರುತ್ತದೆಯೇ? ಸುಯ್ಯಿ ಗಿರ್ರನೆ ತಿರುಗಿದಳು. ಧೂಳು ತಿರುಗಿತು, ಕಸ ತಿರುಗಿತು, ಮೇಲೆ ತಲೆಕೆಳಗಾಗಿ ನಿದ್ದೆ ಮಾಡುತ್ತಿದ್ದ ಬಾವಲಕ್ಕ ಕೂಡ ಒಂದು ಸುತ್ತು ತಿರುಗಿ ಬಂದಳು. ಬಾವಲಕ್ಕ ಆ ಗವಿಯಲ್ಲಿ ಬಾಡಿಗೆಗಿದ್ದವಳು. ಬಾಡಿಗೆ ಯಾವತ್ತೂ ಕೊಟ್ಟಿರಲಿಲ್ಲ, ಬುದ್ಧಿವಾದ ಮಾತ್ರ ಧಾರಾಳವಾಗಿ ಕೊಡುತ್ತಿದ್ದಳು.

"ಗುಡ್ಡಮ್ಮಾ, ನಮಗೂ ಮಕ್ಕಳಿದಾವಪ್ಪ. ತಲೆಕೆಳಗೆ ನೇತು ಹಾಕಿದ್ರೆ ಸಂಜೆ ತನಕ ಉಸಿರೆತ್ತಲ್ಲ. ನೀನು ಮುದ್ದು ಜಾಸ್ತಿ ಮಾಡಿದೀಯ."

"ಗಾಳಿಗೆ ತಲೆ ಎಲ್ಲಿ, ಕಾಲೆಲ್ಲಿ? ಯಾವುದನ್ನ ಮೇಲೆ ಮಾಡ್ಲಿ ಬಾವಲಕ್ಕ?"

ಬಾವಲಕ್ಕ ರೆಕ್ಕೆ ಹೊದ್ದು ಮಲಗಿದಳು.

"ಅಮ್ಮಾ, ಈಗ?"

ಗುಡ್ಡಮ್ಮ ತಪ್ಪು ಮಾಡಿದ್ದು ಇಲ್ಲೇ. ಅವಳು ಗುಡ್ಡ ತಾನೇ? ಅವಳ ಮಟ್ಟಿಗೆ ದಣಿವು ಅಂದರೆ ಭಾರ. ಭಾರ ಹೊತ್ತರೆ ದಣಿಯುತ್ತಾರೆ, ದಣಿದರೆ ಮಲಗುತ್ತಾರೆ ಅಂತ ಲೆಕ್ಕ ಹಾಕಿದಳು. "ಆ ಮೂಲೆಯಲ್ಲಿರೋ ಕಲ್ಲುಗಳನ್ನ ಈ ಮೂಲೆಗೆ ತಳ್ಳು, ನೋಡೋಣ" ಅಂದಳು. ಸುಯ್ಯಿ ತಳ್ಳಿದಳು. "ಈಗ ಆ ಗೋಡೆ ಮುಟ್ಟಿ ಓಡಿ ಬಾ" ಅಂದಳು. ಸುಯ್ಯಿ ಮುಟ್ಟಿ ಬಂದಳು. "ಇನ್ನೂ ಜೋರಾಗಿ ಓಡು, ದಣಿವಾಗುತ್ತೆ."

ಗುಡ್ಡಕ್ಕೆ ಗೊತ್ತಿಲ್ಲದ ವಿಷಯ ಒಂದಿತ್ತು. ಗಾಳಿ ಓಡಿದಷ್ಟೂ ಕೊಬ್ಬುತ್ತದೆ. ಗೋಡೆಯಿಂದ ಗೋಡೆಗೆ ಓಡಿ ಓಡಿ ಸುಯ್ಯಿ ಉಬ್ಬಿದಳು. ಗವಿ ತುಂಬಿತು. ಮೇಲಿನಿಂದ ಚಕ್ಕೆ ಉದುರಿದವು. ಬಾವಲಕ್ಕ, "ನಾನು ಮೊದಲೇ ಹೇಳಿದ್ದೆ!" ಅಂತ ಕಿರುಚಿದಳು. ಮುಂದಿನ ಗೋಡೆ ಸಿಗುವ ಬದಲು ಬಾಗಿಲು ಸಿಕ್ಕಿತು. ಸುಯ್ಯಿ ಹೊರಗೆ ಚಿಮ್ಮಿದಳು!

ಹೋದ ವೇಗಕ್ಕೆ ನಿಲ್ಲಲು ಆಗಲಿಲ್ಲ. ಬಯಲಿನ ಕಾಲು ಭಾಗ ಹುಲ್ಲು ಬೇರು ಮೇಲಾಗಿ ಬಿತ್ತು.

ಭೂಮಜ್ಜಿ ಮತ್ತೆ ಬಂದಳು, ಆದರೆ ರೇಗಲಿಲ್ಲ. ಅದನ್ನು ನೋಡಿಯೇ ಗುಡ್ಡಮ್ಮನಿಗೆ ಹೆಚ್ಚು ಭಯವಾಯಿತು.

"ನಾಳೆ ಹೊತ್ತು ಇಳಿಯುವಾಗ ಬರ್ತೀನಿ ಗುಡ್ಡಮ್ಮ. ಮಗೂನ ಕಡಲ ಮಾವನ ಮನೆಗೆ ಕರ್ಕೊಂಡು ಹೋಗ್ತೀನಿ. ಅಲ್ಲಿ ಕೀಳೋಕೆ ಏನೂ ಇಲ್ಲ. ಎಷ್ಟು ಬೇಕೋ ಅಷ್ಟು ಓಡ್ಲಿ."

"ಅಜ್ಜಿ, ನನಗೆ ಅವಳನ್ನ ನೋಡಬೇಕು ಅನ್ನಿಸಿದರೆ?"

ಭೂಮಜ್ಜಿ ಗುಡ್ಡಮ್ಮನ ಬಂಡೆ ಸವರಿದಳು. ಆಮೇಲೆ ಮೆಲ್ಲಗೆ, "ನೀನು ಹೇಗೆ ಬರ್ತೀಯೇ, ಕಂದಾ? ನೀನು ಗುಡ್ಡ" ಅಂದಳು.

ಮಾರನೇ ದಿನ ಸುಯ್ಯಿ ಬಾಗಿಲಲ್ಲಿ ಮುದುರಿ ಕೂತು ಬಿಕ್ಕುತ್ತಿದ್ದಳು. ಏನು ಮಾಡ್ಲಿ ಅಂತ ಕೇಳಲೇ ಇಲ್ಲ. ಆ ಪ್ರಶ್ನೆ ಕಿವಿಗೆ ಬೀಳದೆ ಗುಡ್ಡಮ್ಮನಿಗೆ ಗವಿ ಎಂದಿಗಿಂತ ದೊಡ್ಡದಾಗಿ ಕಂಡಿತು.

"ಅಮ್ಮಾ, ಕಡಲ ಮಾವನ ಮನೇಲಿ ಗೋಡೆ ಇದೆಯಾ?"

"ಇಲ್ಲ ಪುಟ್ಟಾ. ಅಲ್ಲಿ ಎಲ್ಲ ಬಯಲೇ."

"ಮತ್ತೆ, ಮುಟ್ಟಿ ವಾಪಸ್ ಬರೋದು ಎಲ್ಲಿಗೆ?"

ಗುಡ್ಡಮ್ಮನ ಬಂಡೆಯಿಂದ ತಣ್ಣಗೆ ನೀರು ಜಿನುಗಿತು.

ಗವಿಯ ಬಾಗಿಲ ಪಕ್ಕದಲ್ಲಿ ಎಕ್ಕಮ್ಮ ಇದ್ದಳು. ಬೂದಿ ಬಣ್ಣದ ದಪ್ಪ ಎಲೆಗಳ ಎಕ್ಕದ ಗಿಡ. ಅವಳ ಕಾಯಿಗಳು ಹಸಿರು ಗಿಣಿಗಳ ಹಾಗೆ ತೂಗುತ್ತಿದ್ದವು. ಎಕ್ಕಮ್ಮನಿಗೆ ತನ್ನದೇ ಗೋಳು.

"ನಿನಗಾದ್ರೂ ಮಗಳು ಹೊರಗೆ ಓಡ್ತಾಳೆ ಅನ್ನೋ ಚಿಂತೆ ಗುಡ್ಡಕ್ಕಾ. ನನ್ನ ಮಕ್ಕಳು ಬುಡ ಬಿಟ್ಟು ಕದಲಲ್ಲ. ಆಲದಕ್ಕನ ಹಣ್ಣನ್ನ ಹಕ್ಕಿ ತಿನ್ನುತ್ತೆ, ಬೀಜ ಎಲ್ಲೆಲ್ಲೋ ಉದುರಿಸುತ್ತೆ. ನನ್ನ ಹಾಲು ಕಹಿ, ನನ್ನ ಕಾಯಿ ಹತ್ರ ಒಂದು ಹಕ್ಕೀನೂ ಸುಳಿಯಲ್ಲ. ಎಲ್ಲಾ ಇಲ್ಲೇ ಬಿದ್ದು, ನನ್ನ ನೆರಳಲ್ಲೇ ಸೊರಗ್ತವೆ. ಸಾಲದು ಅಂತ ಒಂದೊಂದಕ್ಕೂ ತಲೆ ತುಂಬ ಬಿಳಿ ಕೂದಲು ಬೇರೆ. ಬಾಚಿ ಬಾಚಿ ಸಾಕಾಗಿದೆ. ಈ ಕೂದಲು ಯಾಕೆ ಕೊಟ್ಟಳೋ ಆ ಭೂಮಜ್ಜಿ!"

ಅಷ್ಟರಲ್ಲಿ ಅವಳ ಒಂದು ಕಾಯಿ ಬಿಸಿಲಿಗೆ ಬಿರಿಯಿತು. ಸುಯ್ಯಿ ಬಿಕ್ಕುತ್ತಿದ್ದಳಲ್ಲ, ಆ ಬಿಕ್ಕಿಗೆ ಉಸಿರು ಒಳಗೆಳೆದಾಗ ಒಂದು ಬೀಜ ಕೂದಲು ಬಿಚ್ಚಿಕೊಂಡು ಮೇಲೆದ್ದು ಗವಿಯೊಳಗೆ ತೇಲಿ ಬಂತು.

ಸುಯ್ಯಿಯ ಬಿಕ್ಕು ಅಲ್ಲೇ ನಿಂತಿತು. "ಅಮ್ಮಾ, ಇದೇನು?"

"ಅಯ್ಯೋ ನನ್ನ ಮಗು!" ಎಕ್ಕಮ್ಮ ಕೂಗಿಕೊಂಡಳು. "ಒಳಗೆಲ್ಲ ಬರೀ ಕಲ್ಲು! ಕಲ್ಲಿನ ಮೇಲೆ ಬಿದ್ರೆ ಬೇರು ಎಲ್ಲಿ ಬಿಟ್ಟಾನು? ನೆಲ ಮುಟ್ಟಿಸಬೇಡ ಸುಯ್ಯಿ, ನಿನ್ನ ದಮ್ಮಯ್ಯ!"

ಸುಯ್ಯಿ ಗಾಬರಿಯಿಂದ ಉಫ್ ಅಂತ ಊದಿದಳು. ಬೀಜ ಬಾಣದಂತೆ ಹೋಗಿ ಗೋಡೆಗೆ ಬಡಿದು ಕೆಳಗೆ ಜಾರತೊಡಗಿತು.

"ಜೋರು ಬೇಡ" ಅಂದಳು ಗುಡ್ಡಮ್ಮ. "ಮೆಲ್ಲಗೆ."

ಉಫ್. ಬೀಜ ಮೇಲಕ್ಕೆ ಹಾರಿ ಬಾವಲಕ್ಕನ ಮೂಗಿಗೆ ತಾಗಿತು. ಬಾವಲಕ್ಕ ಸೀನಿದಳು.

"ಇನ್ನೂ ಮೆಲ್ಲಗೆ."

ಉಫ್. ಬೀಜ ಒಂದು ಗೇಣು ಎದ್ದಿತು, ಇಳಿಯತೊಡಗಿತು. ನೆಲಕ್ಕೆ ಇನ್ನೇನು ಬೆರಳಷ್ಟು ದೂರ ಇದೆ ಅನ್ನುವಾಗ ಸುಯ್ಯಿ ಅದರ ಕೆಳಗೆ ಹೊಟ್ಟೆಯ ಮೇಲೆ ಜಾರಿ ಹೋಗಿ, ಉಸಿರು ಬಿಗಿಹಿಡಿದು, ಎಳೆಯಷ್ಟೇ ಉಸಿರು ಬಿಟ್ಟಳು. ಫೂ...

ಬೀಜ ನಿಂತಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

"ಅಮ್ಮಾ! ನೋಡಿದ್ಯಾ?"

"ಮಾತಾಡಬೇಡ, ಬೀಳುತ್ತೆ!"

ಬಾವಲಕ್ಕ ನಿದ್ದೆ ಬಿಟ್ಟು ನೋಡುತ್ತಿದ್ದಳು. ಎಕ್ಕಮ್ಮ ಬಾಗಿಲಲ್ಲಿ ಕತ್ತು ಚಾಚಿದ್ದಳು. ಗುಡ್ಡಮ್ಮ ಮಗಳ ಮುಖವನ್ನೇ ನೋಡಿದಳು. ಕಲ್ಲು ತಳ್ಳುವಾಗ, ಗೋಡೆ ಮುಟ್ಟುವಾಗ ಆ ಮುಖದಲ್ಲಿ ದಣಿವಿನ ಸುಳಿವೂ ಇರಲಿಲ್ಲ. ಈಗ ಕೆನ್ನೆ ಬಿಗಿದಿತ್ತು, ಹುಬ್ಬು ಗಂಟಿಕ್ಕಿತ್ತು, ಮೈಯೆಲ್ಲ ಸಣ್ಣಗೆ ನಡುಗುತ್ತಿತ್ತು. ಜೋರಾಗಿ ಬೀಸುವುದು ಗಾಳಿಗೆ ಹುಟ್ಟಿನಿಂದ ಬಂದದ್ದು. ಮೆಲ್ಲಗೆ ಬೀಸುವುದೇ ಕೆಲಸ!

ಸುಯ್ಯಿ ಬೀಜವನ್ನು ಆ ಮೂಲೆಗೆ ಒಯ್ದಳು, ಈ ಮೂಲೆಗೆ ತಂದಳು. ಬಂಡೆಯ ಸೀಳಿನಲ್ಲಿ ಒಂದು ಕಡೆಯಿಂದ ತೂರಿಸಿ ಇನ್ನೊಂದು ಕಡೆಯಿಂದ ಹೊರತಂದಳು. ಕೊನೆಗೆ ಅಮ್ಮನ ತೊಡೆಯ ಮೇಲಿನ ಪಾಚಿಯಲ್ಲಿ ಅದನ್ನು ಮೆತ್ತಗೆ ಇಳಿಸಿ, ತಾನೂ ಪಕ್ಕಕ್ಕೆ ಒರಗಿ, "ಅಮ್ಮಾ, ನಂಗೆ ಸಾಕಾಯ್ತು" ಅಂದಳು.

ಆ ಮಾತು ಗುಡ್ಡಮ್ಮ ಕೇಳಿದ್ದು ಅದೇ ಮೊದಲು. ಹೂಂ ಅನ್ನುವಷ್ಟರಲ್ಲಿ ಮಗು ಮಲಗಿತ್ತು. ನಡುಮಧ್ಯಾಹ್ನ ಹೊರಗೆ ಒಂದೆಲೆಯೂ ಅಲುಗಲಿಲ್ಲ.

ಹೊತ್ತು ಇಳಿಯಿತು. ಭೂಮಜ್ಜಿ ಬಂದಳು.

"ಹೊರಡೋಣವಾ ಮಗೂ?"

ಸುಯ್ಯಿ ಕಣ್ಣುಜ್ಜಿಕೊಂಡು ಎದ್ದಳು. ಗುಡ್ಡಮ್ಮ ಗಟ್ಟಿಯಾಗಿ ಉಸಿರೆಳೆದು, "ಅಜ್ಜಿ, ಹೊರಡೋ ಮುಂಚೆ ಒಂದು ಕೆಲಸ ಇದೆ. ಎಕ್ಕಮ್ಮನ ಮಗು ನಮ್ಮನೇಲಿದೆ. ಬಯಲಿನ ಆಚೆ ಬರೀ ಮಣ್ಣಿದೆಯಲ್ಲ, ಅಲ್ಲಿಗೆ ಬಿಟ್ಟು ಬರಲಿ" ಅಂದಳು.

"ನನ್ನ ಹುಲ್ಲಿನ ಮೇಲಿಂದಾನಾ?" ಭೂಮಜ್ಜಿಯ ಹುಬ್ಬು ಮೇಲೇರಿತು.

"ಹುಲ್ಲಿನ ಮೇಲಿಂದಾನೇ."

"ಉಳಿದಿರೋದೇ ಅಷ್ಟು. ಅದೂ ಹೋದರೆ?"

"ಆಗ ನೀವು ಅವಳನ್ನ ಎಷ್ಟು ದೂರಕ್ಕೆ ಕರ್ಕೊಂಡು ಹೋದರೂ ನಾನು ಎದುರಾಡಲ್ಲ ಅಜ್ಜಿ."

ಭೂಮಜ್ಜಿ ಸುಯ್ಯಿಯನ್ನು ನೋಡಿದಳು, ಬೀಜವನ್ನು ನೋಡಿದಳು, ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಸುಯ್ಯಿ ಬೀಜವನ್ನು ಎತ್ತಿಕೊಂಡು ಹೊರಟಳು. ಫೂ... ಹುಲ್ಲಿನ ಮೊದಲ ಸಾಲು ಬಂತು. ಗುಡ್ಡಮ್ಮ ಕಣ್ಣು ಮುಚ್ಚಿಕೊಳ್ಳೋಣ ಅಂದುಕೊಂಡಳು, ಆಗಲಿಲ್ಲ. ಹುಲ್ಲು ಬಾಗಿತು. ಎಕ್ಕಮ್ಮ ಅಯ್ಯೋ ಅಂದಳು. ಸುಯ್ಯಿ ಮುಂದೆ ಸರಿದಳು. ಬಾಗಿದ ಹುಲ್ಲು ಹಾಗೇ ಎದ್ದು ನಿಂತಿತು.

ಎರಡನೇ ಸಾಲೂ ಬಾಗಿತು, ಎದ್ದಿತು. ಮುಂದಿನದೂ ಬಾಗಿತು, ಎದ್ದಿತು. ಒಂದು ಎಸಳೂ ಕಿತ್ತು ಬರಲಿಲ್ಲ. ಬಯಲಿನ ಮೇಲೆ ಯಾರೋ ಕೈ ಸವರಿದ ಹಾಗಿತ್ತು. ಆಚೆ ಬದಿಯಲ್ಲಿ ಬಿಳಿ ಕೂದಲಿನ ಬೀಜ ಇಳಿಯಿತು, ಮತ್ತೆ ಒಂದಿಷ್ಟು ಎದ್ದಿತು, ಇಳಿಯಿತು. ಜಾಗ ಮೆತ್ತಗಿದೆ ಅಂತ ಖಾತ್ರಿಯಾದ ಮೇಲೆಯೇ ಸುಯ್ಯಿ ಅದನ್ನು ಮಣ್ಣು ಮುಟ್ಟಲು ಬಿಟ್ಟಳು.

ಆಮೇಲೆ ಬಂದ ದಾರಿಯಲ್ಲೇ, ಅಷ್ಟೇ ಮೆಲ್ಲಗೆ ವಾಪಸ್ ಬಂದು ಅಮ್ಮನ ಮೈ ಮುಟ್ಟಿದಳು. "ಮುಟ್ಟಿ ಬಂದೆ!"

ಭೂಮಜ್ಜಿ ತುಂಬ ಹೊತ್ತು ಹುಲ್ಲನ್ನೇ ನೋಡುತ್ತಿದ್ದಳು. "ಎಕ್ಕಮ್ಮಾ, ನಿನಗೆ ಇನ್ನೂ ಎಷ್ಟು ಮಕ್ಕಳಿದಾವೆ?"

"ಅಯ್ಯೋ, ಕಾಯಿ ತುಂಬ ಅವೇ ಅಜ್ಜಿ!"

"ಹಾಗಾದ್ರೆ ಈ ಹುಡುಗಿ ಕಡಲಿಗೆ ಹೋದರೆ ಅವನ್ನೆಲ್ಲ ಯಾರು ಮುಟ್ಟಿಸ್ತಾರೆ? ಇಲ್ಲೇ ಇರಲಿ ಬಿಡು." ಹೊರಡುವಾಗ ತಿರುಗಿ ಅಂದಳು, "ಕೂದಲು ಯಾಕೆ ಅಂತ ಈಗಾದ್ರೂ ತಿಳೀತಾ? ನೀನು ಬಾಚೋದಕ್ಕಲ್ಲ ಕಣೇ."

ಗುಡ್ಡಮ್ಮ ಮಗಳನ್ನು ತಬ್ಬಿಕೊಂಡಳು. ಅವಳ ಸಂತೋಷ ಒಂದು ನಿಮಿಷವಾದರೂ ಪೂರ್ತಿ ಇತ್ತು.

"ಅಮ್ಮಾ, ಈಗ ಏನ್ ಮಾಡ್ಲಿ?"

"ಇನ್ನೊಂದು ಬೀಜ ತಗೋ ಪುಟ್ಟಾ. ನೆಲ ಮುಟ್ಟಬಾರದು, ನೋಡು."

ಇವತ್ತಿಗೂ ಬಿಸಿಲುಗಾಲದಲ್ಲಿ ಎಕ್ಕದ ಕಾಯಿ ಬಿರಿದಾಗ ಬಿಳಿ ಕೂದಲಿನ ಬೀಜವೊಂದು ನಿಮ್ಮ ಮನೆಯ ಕಿಟಕಿಯಿಂದ ಒಳಗೆ ತೇಲಿ ಬಂದು, ಇಳಿದ ಹಾಗೆ ಮಾಡಿ ಏಳುತ್ತಾ, ಎದ್ದ ಹಾಗೆ ಮಾಡಿ ಇಳಿಯುತ್ತಾ ನೆಲಕ್ಕೆ ಬೀಳಲು ಅಷ್ಟು ಹೊತ್ತು ತೆಗೆದುಕೊಳ್ಳುವುದು ಯಾಕೆಂದರೆ, ಅದರ ಕೆಳಗೆ ಸುಯ್ಯಿ ಹೊಟ್ಟೆಯ ಮೇಲೆ ಮಲಗಿಕೊಂಡು, ಉಸಿರು ಬಿಗಿಹಿಡಿದು, ಮೆತ್ತನೆಯ ಮಣ್ಣು ಹುಡುಕುತ್ತಿರುತ್ತಾಳೆ.