ಬಾವಿಯ ಪದ ಕಟ್ಟಿದವಳು

ಏಳು ಹೊಳೆ ದಾಟಿದರೆ ಒಂದು ಊರು, ಆ ಊರಿಗೊಬ್ಬ ರಾಜ ಇದ್ದನಂತೆ. ಅವನ ಅರಮನೆಯಲ್ಲಿ ಜೋಳ ಬೀಸುವವಳು ಹೊನ್ನೆವ್ವ. ಒಂದು ದಿನ ರಾಜನ ತಮ್ಮ ಕಾಣೆಯಾದ. ಹುಲಿ ಹೊತ್ತೊಯ್ಯಿತು ಅಂತ ರಾಜ ಡಂಗುರ ಸಾರಿಸಿದ. ಊರು ನಂಬಿತಂತೆ.

ಆಮೇಲೆ ಎಲ್ಲಿಂದಲೋ ಒಂದು ಪದ ಹುಟ್ಟಿತು. ಕಳೆ ಕೀಳುವವರ ಬಾಯಲ್ಲಿ ಅದೇ, ತೊಟ್ಟಿಲು ತೂಗುವವರ ಬಾಯಲ್ಲೂ ಅದೇ.

ಹಾಳ ಬಾವಿಗೆ ಹಕ್ಕಿ ನೀರಿಗೆ ಇಳಿಬ್ಯಾಡ
ಕೂಸು ಮಲಗ್ಯಾನ ತಳದಾಗ | ಅವನಣ್ಣ
ತೂಗದೆ ಮಲಗಿಸಿ ನಡೆದಾನ

ರಾಜನ ಕಿವಿಗೆ ಬಿತ್ತು. ತುತ್ತು ತಟ್ಟೆಯಲ್ಲೇ ಬಿಟ್ಟು ಎದ್ದ. "ಇದು ಎಲ್ಲಿಂದ ಬಂತು? ಹುಡುಕ್ರಿ!" ಅಂದ.

ನೀರು ಹೊರುವವಳನ್ನು ಹಿಡಿದರು. "ಹೂವಾಡಗಿತ್ತಿ ಹಾಡಿದ್ಲರೀ" ಅಂದಳು. ಹೂವಾಡಗಿತ್ತಿಯನ್ನು ಹಿಡಿದರು. "ಬೀಸೋ ಹೊನ್ನೆವ್ವ ಹಾಡಿದ್ಲರೀ" ಅಂದಳು. ಇಬ್ಬರನ್ನೂ ಕಂಬಕ್ಕೆ ಬಿಗಿದು, ಹಿಟ್ಟಿನ ಕೈಯಲ್ಲೇ ಹೊನ್ನೆವ್ವನನ್ನು ಎಳೆತಂದರಂತೆ.

ಹೊನ್ನೆವ್ವನಿಗೆ ಗೊತ್ತಿತ್ತು. ಬೀಸುವ ಕೋಣೆಯ ಗೋಡೆಯಾಚೆ ರಾಜನ ತಾಯಿ ದಿನಾ ಬೆಳಿಗ್ಗೆ ಗುನುಗುತ್ತಿದ್ದದ್ದು ಅದೇ ಪದ. ಹೇಳಿದರೆ ಆ ಮುದುಕಿಯ ಗತಿ? ತಮ್ಮನನ್ನು ಬಿಡದವನು ತಾಯಿಯನ್ನು ಬಿಟ್ಟಾನೆಯೇ?

"ಯಾರು ಕಲಿಸಿದ್ರು?"

"ಬೀಸೂ ಮುಂದ ತಾನಾ ಬಂತ್ರೀ ದೊರೀ."

"ಪದ ಅಂದ್ರೇನು, ತಾನಾ ಬರಾಕ ಗಾಳಿಯೇನು? ಹೆಸರು ಹೇಳು, ಇಲ್ಲಾಂದ್ರ ಮೂವರದೂ ನಾಲಿಗಿ ಕೊಯ್ಸತೀನಿ!"

"ತಾನಾ ಬಂತ್ರೀ" ಅಂದಳು ಹೊನ್ನೆವ್ವ ಮತ್ತೆ. ಭಟ ಅವಳ ದವಡೆ ಅಮುಕಿ ಹಿಡಿದ. ಕತ್ತಿಯ ತಣ್ಣನೆ ಅಂಚು ತುಟಿಗೆ ತಾಗಿತಂತೆ.

"ಬಿಡೋ ಅಕೀನ! ಕಟ್ಟಿದಾಕಿ ನಾನು."

ಗೋಡೆ ಹಿಡಿದು ನಿಂತಿದ್ದಳು ರಾಜನ ತಾಯಿ.

"ಅವ್ವಾ, ನಿನಗೆಲ್ಲಿಂದ ಬಂತು?" ರಾಜನ ದನಿ ಒಡೆಯಿತು.

"ನಿನ್ನ ಕೈಯಿಂದ ಬಂತೋ ಮಗನ. ನೀ ಅವನ್ನ ಬಾವಿಗೆ ನೂಕೂದು ಮಾಳಿಗಿ ಕಿಟಕ್ಯಾಗಿಂದ ನೋಡೀನಿ. ಅತ್ತರ ನಿನಗ ಕೇಳ್ತಿತ್ತು. ಬಿಟ್ಟಿದ್ರ ಬರೇ ಅಳು ಆಗ್ತಿತ್ತು. ಗಂಟಲಾಗ ಕಟ್ಟಿ ಹಿಡಿದೆ, ಪದ ಆತು. ಕೊಯ್ತೀ? ಕೊಯ್ಯಿ."

ಮುದುಕಿ ಅಲ್ಲೇ ನಿಂತು ಇನ್ನೊಂದು ನುಡಿ ಕಟ್ಟಿದಳಂತೆ.

ಒಂದೆ ತೊಟ್ಟಿಲದಾಗ ಇಬ್ಬರ ತೂಗೀನಿ
ಒಬ್ಬನ ಕೈಯಾಗ ಒಬ್ಬನು | ಹೋದ ಮ್ಯಾಲೆ
ಇಬ್ಬರಿಗು ತಾಯಿ ಹ್ಯಾಂಗಾಗ್ಲಿ

ಭಟ ಕತ್ತಿ ಕೆಳಗಿಟ್ಟು, ಕಂಬಕ್ಕೆ ಬಿಗಿದವರ ಕಟ್ಟು ಬಿಚ್ಚಿದ. ರಾಜ ಅವ್ವನ ಕಾಲು ಹಿಡಿದ. ಆಮೇಲೆ ಬಾವಿ ಬತ್ತಿಸಿದರು. ತಮ್ಮನ ಎಲುಬನ್ನು ತಾನೇ ಹೊತ್ತು ಮಣ್ಣು ಮಾಡಿ, ಕಿರೀಟವನ್ನು ಹೊಸ್ತಿಲಲ್ಲಿಟ್ಟು, ರಾಜ ಊರು ಬಿಟ್ಟನಂತೆ.

ಹೊನ್ನೆವ್ವ ಮಾತ್ರ ಒಂದು ತಿಂಗಳು ಪದವಿಲ್ಲದೆ ಬೀಸಿದಳು. ಕಡೆಗೆ ಮುದುಕಿಯೇ ಬಂದು ಎದುರು ಕೂತು, ಬೀಸುಗಲ್ಲಿನ ಗೂಟಕ್ಕೆ ಕೈ ಹಚ್ಚಿ, "ಹಾಡ ನನ್ನವ್ವ, ಇಬ್ಬರೂ ಕೂಡಿ ಹಾಡೂಣು" ಅಂದಳು. ಆಗ ದನಿ ಎದ್ದಿತಂತೆ.

ಅವತ್ತಿನಿಂದ ಆ ಸೀಮೆಯವರು ಪದ ಮಾಡಿದೆ ಅನ್ನೋದಿಲ್ಲ, ಪದ ಕಟ್ಟಿದೆ ಅಂತಾರಂತೆ. ಅವರು ಅಲ್ಲಿ ಕಟ್ಟಿದರು, ನಾವು ಇಲ್ಲಿ ಬಿಚ್ಚಿದೆವು.