ಎರಡನೆಯ ಕಾವು

ನಿವೃತ್ತ ಬಸ್ ಚಾಲಕ ಮಲ್ಲಿನಾಥಪ್ಪನವರು ಹವ್ಯಾಸಕ್ಕೆಂದು ಹಿತ್ತಲಲ್ಲಿ ಕುಲುಮೆ ಹೂಡಿ, ಕಬ್ಬಿಣ ಉಜ್ಜುವ ಹಳೆಯ ಅರವೊಂದನ್ನು ಕಾಯಿಸಿ, ಅಡಿಗಲ್ಲಿನ ಮೇಲಿಟ್ಟು ಬಡಿದು ಚಾಕು ಮಾಡಿದರು. ಕೆಂಪಗೆ ಕಾದದ್ದನ್ನು ಎಣ್ಣೆಗೆ ಅದ್ದಿ ತೆಗೆದಿದ್ದೇ ತಡ, ಚಾಕು ಬೀಗಿತು: "ಅಡಿಗಲ್ಲಮ್ಮ, ನನ್ನಷ್ಟು ಗಟ್ಟಿ ಯಾರಿದ್ದಾರೆ? ಅಡುಗೆಮನೆಗೆ ಹೊರಟೆ."

"ತಡಿ ಮಗು. ಇನ್ನೊಮ್ಮೆ ಸಣ್ಣ ಕಾವಿಗೆ ಕೂತು ಹೋಗು. ಹೀಗೇ ಹೋದರೆ ಕೈಜಾರಿ ಬಿದ್ದ ದಿನವೇ ಎರಡು ತುಂಡಾಗುತ್ತೀಯ."

"ಗಟ್ಟಿಯಾದವನು ಮತ್ತೆ ಮೆತ್ತಗಾಗಬೇಕೇ?"

"ಒಂಚೂರು. ದೇವರು ನಮ್ಮ ಯಜಮಾನರನ್ನೂ ಹಾಗೇ ಹದ ಮಾಡಿದ. ಮೂವತ್ತು ವರ್ಷ ಬಸ್ಸಿನಲ್ಲಿ ಸಿಡುಕಿದವರು, ಈಗ ಸುತ್ತಿಗೆಗೂ 'ಬಾರಪ್ಪ' ಅನ್ನುತ್ತಾರೆ!"

ಚಾಕು ನಕ್ಕು, ದೇವರನ್ನು ನೆನೆದು ಕಾವಿಗೆ ಕೂತಿತು. ಹೊಂಬಣ್ಣ ತಾಳಿ ಒಳಗೆ ಹೋಯಿತು.

ಮರುದಿನ ಅಡುಗೆಮನೆಯ ಕಲ್ಲುನೆಲದ ಮೇಲೆ ಠಣ್ಣೆಂದು ಸದ್ದಾಯಿತು. ಅಡಿಗಲ್ಲು ಉಸಿರು ಬಿಗಿಹಿಡಿಯಿತು.

"ಬಿದ್ದೆ ಅಮ್ಮಾ!" ಒಳಗಿನಿಂದ ಚಾಕು ಖುಷಿಯಿಂದ ಕೂಗಿತು. "ಇಡಿಯಾಗಿದ್ದೇನೆ!"